ಹಂಡೆ ಬರಿದಾಗುವ ಮೊದಲೇ ನಿಲ್ಲಿಸಿ: ದೀರ್ಘಕಾಲದ ಕಾಯಿಲೆಯವರ ಸುಸ್ತಿಗೆ ಒಂದು ಮಾರ್ಗದರ್ಶಿ

ಮೂರು ವರ್ಷದ ಹಿಂದಿನ ಭೂಮಿ ಹುಣ್ಣಿಮೆ. ನಮ್ಮ ಸಾಗರ, ಸೊರಬದ ಕಡೆ ಆ ಹಬ್ಬದ ಹಿಂದಿನ ರಾತ್ರಿ ಹೆಂಗಸರಿಗೆ ನಿದ್ದೆ ಇಲ್ಲ. ಗದ್ದೆಗೆ ಬೀರುವ ಚರಗದ ಸೊಪ್ಪು ಬೇಯಬೇಕು, ಕಡುಬು ಆಗಬೇಕು, ನಸುಕಿಗೆ ಅದನ್ನೆಲ್ಲ ತುಂಬಿದ ಭೂಮಣ್ಣಿ ಬುಟ್ಟಿ ಗದ್ದೆಗೆ ಹೊರಡಬೇಕು. ನನಗೆ ರುಮಟಾಯ್ಡ್ ಸಂಧಿವಾತ ಬಂದು ಆಗ ಎಂಟು ವರ್ಷ. ಗುಳಿಗೆ ಒಗ್ಗಿತ್ತು, ಬೆರಳಿನ ಊತ ಇಳಿದಿತ್ತು. ಈ ಸಲ ಎಲ್ಲರ ಸಮ ನಾನೂ ಮಾಡ್ತೀನಿ ಅಂತ ಹಟ ಹಿಡಿದು ರಾತ್ರಿಯಿಡೀ ಒಲೆ ಮುಂದೆ ಕೂತೆ.

ಹಬ್ಬದ ದಿನ ಏನೂ ಆಗಲಿಲ್ಲ. ಗದ್ದೆಗೂ ಹೋಗಿ ಬಂದೆ. ಮಾರನೇ ದಿನ ಬೆಳಿಗ್ಗೆ ಬಚ್ಚಲಿನ ಮೆಟ್ಟಿಲ ಮೇಲೆ ಕೂತವಳಿಗೆ ಚೊಂಬು ಎತ್ತಲು ಆಗಲಿಲ್ಲ. ಕೈ ನೋಯುತ್ತಿರಲಿಲ್ಲ. ಸುಮ್ನೆ ಏಳಲಿಲ್ಲ, ಅಷ್ಟೇ. ಒದ್ದೆ ಬಟ್ಟೆಯ ಹಾಗೆ ತೊಡೆ ಮೇಲೆ ಬಿದ್ದಿತ್ತು. ಹಿಂದಿನ ರಾತ್ರಿ ಒಂಬತ್ತು ಗಂಟೆ ಮಲಗಿದ್ದೆ, ಆದರೂ ಕಣ್ಣೇ ಮುಚ್ಚದವರ ಹಾಗೆ ತಲೆ ಮಂಕು. ಅತ್ತಿಗೆ ಬಂದು, "ಎಂತ ಆಯ್ತೇ ನಿಂಗೆ? ನಿನ್ನೆ ಚೆನ್ನಾಗೇ ಇದ್ಯಲ್ಲ?" ಅಂದರು. ಏನು ಹೇಳಬೇಕು ಅಂತ ತಿಳಿಯಲಿಲ್ಲ. ನಾಲ್ಕು ದಿನ ಹಾಸಿಗೆ ಹಿಡಿದೆ.

ಅವತ್ತು ಅತ್ತಿಗೆಗೆ ಹೇಳಲಾಗದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ನಾನು ವೈದ್ಯೆ ಅಲ್ಲ. ಇಷ್ಟು ವರ್ಷ ಈ ಸುಸ್ತಿನ ಜೊತೆ ಬದುಕಿ, ಡಾಕ್ಟರ್ ಹತ್ತಿರ ಕೇಳಿ, ಓದಿ, ಮಾಡಿ ನೋಡಿ ತಿಳಿದದ್ದು ಇದು. ಸಂಧಿವಾತ, ಮೈಯ ರಕ್ಷಣಾ ಶಕ್ತಿ ಮೈ ಮೇಲೇ ತಿರುಗಿಬೀಳುವ ಲೂಪಸ್, ಸಕ್ಕರೆ ಕಾಯಿಲೆ, ಕಿಡ್ನಿ, ಹೃದಯ, ಥೈರಾಯ್ಡ್, ಕ್ಯಾನ್ಸರ್ ಚಿಕಿತ್ಸೆ ಹೀಗೆ ಯಾವ ದಾರಿಯಿಂದ ಬಂದವರಿಗೂ ಇದರಲ್ಲಿ ಏನಾದರೂ ಸಿಕ್ಕೀತು.

ಇದು ದಣಿವಲ್ಲ

ತೋಟಕ್ಕೆ ಗೊಬ್ಬರ ಹೊತ್ತವರಿಗೆ ಸಂಜೆ ಬರುವುದು ದಣಿವು. ಉಂಡು ಮಲಗಿ ಎದ್ದರೆ ಹೋಗುತ್ತದೆ. ಕಾಯಿಲೆಯ ಸುಸ್ತು ಹಾಗಲ್ಲ. ಮಾಡಿದ ಕೆಲಸಕ್ಕೂ ಬರುವ ಸುಸ್ತಿಗೂ ತಾಳೆಯೇ ಇರುವುದಿಲ್ಲ. ಮಲಗಿದರೂ ಹೋಗುವುದಿಲ್ಲ. ಮೈ ಜೊತೆ ತಲೆಯೂ ಸೋಲುತ್ತದೆ. ಮಾತಿನ ನಡುವೆ ಪದ ಸಿಗುವುದಿಲ್ಲ, ಒಲೆ ಮೇಲೆ ಹಾಲಿಟ್ಟದ್ದು ಮರೆಯುತ್ತದೆ.

ಇದಕ್ಕೆ ಕಾರಣ ಮೈಯೊಳಗೇ ಇದೆ. ಜ್ವರ ಬಂದಾಗ ಎದ್ದು ಓಡಾಡಲು ಮನಸ್ಸಾಗುವುದಿಲ್ಲ ಅಲ್ವಾ? ರೋಗದ ಜೊತೆ ಹೋರಾಡುವಾಗ ದೇಹ ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತದೆ. ಅವು ಮಿದುಳಿಗೆ "ಮಲಗು, ಅಲುಗಾಡಬೇಡ" ಅಂತ ಹೇಳುತ್ತವೆ. ಸಂಧಿವಾತ, ಲೂಪಸ್‌ನಂಥ ಕಾಯಿಲೆಯಲ್ಲಿ ಈ ಹೋರಾಟದಿಂದ ಏಳುವ ಉರಿಯೂತ ವರ್ಷಗಟ್ಟಲೆ ಆರದೇ ಇರಬಹುದು. ಕಿಡ್ನಿ ಸೋತರೆ ಕತೆ ಬೇರೆ: ರಕ್ತ ತಯಾರಿಸು ಅಂತ ಹೇಳುವ ಹಾರ್ಮೋನ್ ಕಿಡ್ನಿಯಿಂದ ಸಾಕಷ್ಟು ಬರುವುದಿಲ್ಲ, ಹಿಮೋಗ್ಲೋಬಿನ್ ಇಳಿಯುತ್ತದೆ. ಹೃದಯ ಸೋತವರಲ್ಲಿ ಮಾಂಸಖಂಡಕ್ಕೆ ಸಾಕಷ್ಟು ರಕ್ತ ಹೋಗುವುದಿಲ್ಲ. ಸಕ್ಕರೆ ಕಾಯಿಲೆಯಲ್ಲಿ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಅದು ಸರಿಯಾಗಿ ಬಳಕೆಗೆ ಬರುವುದಿಲ್ಲ. ಇವುಗಳ ಮೇಲೆ ನೋವಿನಿಂದ ಕೆಟ್ಟ ನಿದ್ದೆ, ಗುಳಿಗೆಯ ಮಂಪರು, ಮನಸ್ಸಿನ ಭಾರ.

ನನಗೆ ಇದನ್ನು ಅರ್ಥ ಮಾಡಿಸಿದ್ದು ನಮ್ಮ ಬಚ್ಚಲ ಹಂಡೆ. ಮನೆಯವರೆಲ್ಲ ಅದೇ ಹಂಡೆಯ ಬಿಸಿನೀರಲ್ಲಿ ಸ್ನಾನ ಮಾಡಬೇಕು. ಮಿಂದವರು ತಣ್ಣೀರು ತುಂಬಿ, ಒಲೆಗೆ ಒಂದು ಕುಂಟೆ ದೂಡಿ ಬರಬೇಕು. ಆರೋಗ್ಯವಾಗಿರುವವರ ಹಂಡೆ ದೊಡ್ಡದು, ಕಟ್ಟಿಗೆ ಒಣಗಿದ್ದು, ಬೇಗ ಕಾಯುತ್ತದೆ. ನಮ್ಮ ಹಂಡೆ ಸಣ್ಣದು, ಒಲೆಗಿಟ್ಟದ್ದು ಮಳೆಗಾಲದ ಹಸಿ ಕಟ್ಟಿಗೆ. ಪೂರ್ತಿ ಬರಿದಾಗುವ ತನಕ ಮೊಗೆದು, ಕೆಳಗೆ ಬೆಂಕಿ ಹಾಗೇ ಇದ್ದರೆ ಹಂಡೆಯೇ ಹಾಳಾಗುತ್ತದೆ. ಆದ್ದರಿಂದ ತಳದಲ್ಲಿ ನೀರಿರುವಾಗಲೇ ಮೊಗೆಯುವುದನ್ನು ನಿಲ್ಲಿಸಬೇಕು. ಮುಂದೆ ಹೇಳುವ ಹೆಜ್ಜೆಗಳೆಲ್ಲ ಇದಕ್ಕಾಗಿಯೇ.

ಹೆಜ್ಜೆ 1: ಎಲ್ಲವನ್ನೂ ಹಳೇ ಕಾಯಿಲೆಯ ತಲೆಗೆ ಕಟ್ಟಬೇಡಿ

ಮೊದಲ ಕೆಲಸ ರಕ್ತ ಪರೀಕ್ಷೆ. ಸುಸ್ತಿನ ಒಂದು ಪಾಲು ಸುಲಭವಾಗಿ ಸರಿಹೋಗುವ ಕಾರಣದಿಂದ ಬಂದಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಹೆಂಗಸರಲ್ಲಿ 12, ಗಂಡಸರಲ್ಲಿ 13ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಅದರ ಜೊತೆ ಥೈರಾಯ್ಡಿನ ಟಿಎಸ್‌ಎಚ್, ಮೂರು ತಿಂಗಳ ಸರಾಸರಿ ಸಕ್ಕರೆ, ಕಿಡ್ನಿಯ ಕ್ರಿಯಾಟಿನಿನ್, ವಿಟಮಿನ್ ಬಿ12, ವಿಟಮಿನ್ ಡಿ ಬೇಕಾ ಅಂತ ಡಾಕ್ಟರನ್ನು ಕೇಳಿ. ಇವು ಅಪರೂಪದ ಪರೀಕ್ಷೆಗಳಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಯಾವುದಾದರೂ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರೆದುಕೊಡುತ್ತಾರೆ.

ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯಬಹುದು. ಬಿಪಿಯ ಕೆಲವು ಗುಳಿಗೆ, ಅಲರ್ಜಿ ಗುಳಿಗೆ, ನರದ ನೋವಿನ ಗುಳಿಗೆ ಸುಸ್ತು ತರುತ್ತವೆ. ಬದಲಿಸುವುದೋ ಹೊತ್ತು ಬದಲಿಸುವುದೋ ಡಾಕ್ಟರ್ ಹೇಳಲಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಅದರಲ್ಲೂ ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವ ಸ್ಟಿರಾಯ್ಡ್ ತಟ್ಟನೆ ಬಿಟ್ಟರೆ ಜೀವಕ್ಕೇ ಕುತ್ತು. ಒಳಗೆ ಏನಿದೆ ಅಂತ ಗೊತ್ತಿಲ್ಲದ "ಶಕ್ತಿ ಪುಡಿ" ಯಾರು ಕೊಟ್ಟರೂ ಬೇಡ.

ನನಗೆ ಒಂದು ಕಡೆ, "ರಿಪೋರ್ಟ್ ಸರಿ ಇದೆ, ಇದು ನಿಮ್ಮ ಮನಸ್ಸಿಂದು" ಅಂದು ಕಳಿಸಿದ್ದರು. ಆ ದಿನ ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತದ್ದು ನೆನಪಿದೆ. ನಿಮಗೂ ಹಾಗೆ ಆಗಿದ್ದರೆ ಅಲ್ಲಿಗೆ ಬಿಡಬೇಡಿ. ಇನ್ನೊಬ್ಬರನ್ನು ನೋಡಿ. "ಸುಸ್ತು" ಅಂತಷ್ಟೇ ಹೇಳಬೇಡಿ. "ಮೊದಲು ನಾಲ್ಕು ಕೊಡ ನೀರು ತರುತ್ತಿದ್ದೆ, ಈಗ ಒಂದಕ್ಕೇ ಕೂರಬೇಕು" ಅನ್ನಿ. ಅಳತೆ ಸಿಕ್ಕರೆ ಅವರಿಗೂ ಅರ್ಥವಾಗುತ್ತದೆ.

ಕಾಯದೇ ಹೋಗಬೇಕಾದ ಸಂದರ್ಭಗಳೂ ಇವೆ. ಎದೆನೋವು, ಮಲಗಿದರೆ ಉಸಿರು ಕಟ್ಟುವುದು, ಕಾಲು ಊದುವುದು, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ಒಂದು ಬದಿಯ ಕೈಕಾಲು ಸೋಲುವುದು. ಎದೆನೋವಿಗೂ ಕೈಕಾಲು ಸೋತದ್ದಕ್ಕೂ ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ನಮ್ಮ ಮಲೆನಾಡಿನವರು ಇನ್ನೆರಡನ್ನು ಮರೆಯುವ ಹಾಗಿಲ್ಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗು ಕಚ್ಚಿ ಬರುತ್ತದೆ, ಚಳಿಗಾಲದಿಂದ ಬೇಸಿಗೆ ಮುಗಿಯುವ ತನಕ ಜಾಸ್ತಿ. ಕಾಡಿಗೆ ಸೊಪ್ಪಿಗೋ ದರಗಿಗೋ ಹೋಗಿ ಬಂದವರಿಗೆ ಆ ಕಾಲದಲ್ಲಿ ದಿಢೀರ್ ಜ್ವರ, ತಲೆನೋವು, ಮೈ ಕುಸಿಯುವಷ್ಟು ಸುಸ್ತು ಬಂದರೆ ಅದು ನಿಮ್ಮ ಹಳೇ ಸುಸ್ತಲ್ಲ. ಮಳೆಗಾಲದಲ್ಲಿ ಕೆಸರುಗದ್ದೆಗೆ ಇಳಿದವರಿಗೆ ಇಲಿಜ್ವರದ್ದೂ ಇದೇ ಮಾತು.

ಹೆಜ್ಜೆ 2: ಎರಡು ವಾರ ಬರೆದಿಡಿ

ಗೋಡೆಯ ಕ್ಯಾಲೆಂಡರಿನಲ್ಲೇ ಸಾಕು, ಹೊಸ ಪುಸ್ತಕ ಬೇಡ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಸುಸ್ತಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ. ಪಕ್ಕದಲ್ಲಿ ಆವತ್ತಿನ ದೊಡ್ಡ ಕೆಲಸ ಒಂದೆರಡು ಪದದಲ್ಲಿ: ಸಂತೆ, ನೆಂಟರು, ಬಟ್ಟೆ ಒಗೆದದ್ದು, ಜಗಳ. ಜಗಳವನ್ನೂ ಬರೆಯಿರಿ. ಮನಸ್ಸಿನ ಕೆಲಸಕ್ಕೂ ಅದೇ ಹಂಡೆಯ ನೀರು.

ಎರಡು ವಾರ ಆದಮೇಲೆ ಅಂಕಿ ಏರಿದ ದಿನದಿಂದ ಹಿಂದಕ್ಕೆ ನೋಡುತ್ತಾ ಹೋಗಿ. ಆವತ್ತಿನ ಕೆಲಸವನ್ನಷ್ಟೇ ನೋಡಿದರೆ ಸಾಲದು, ಹಿಂದಿನ ಎರಡು ದಿನದ್ದನ್ನೂ ನೋಡಿ. ಕೆಲವರಿಗೆ ಕುಸಿತ 12ರಿಂದ 48 ಗಂಟೆ ತಡವಾಗಿ ಬರುತ್ತದೆ. ನನಗೆ ಹಬ್ಬ ಮುಗಿದ ಮೇಲೆ ಬಂದದ್ದು ಹೀಗೇ. ಹೀಗೆ ತಡವಾಗಿ ಬರುವುದರಿಂದಲೇ ನಾವು ಮೋಸಹೋಗುವುದು. ಮಾಡುವಾಗ ಏನೂ ಆಗಲಿಲ್ಲವಲ್ಲ ಅಂದುಕೊಂಡು ಮತ್ತೆ ಅದನ್ನೇ ಮಾಡುತ್ತೇವೆ.

ನನ್ನ ಕ್ಯಾಲೆಂಡರ್ ನಾನು ಅಂದುಕೊಂಡದ್ದನ್ನೇ ಹೇಳಲಿಲ್ಲ. ಅಡುಗೆಯೇ ನನ್ನನ್ನು ಸುಸ್ತು ಮಾಡುವುದು ಅಂತ ನಂಬಿದ್ದೆ. ಸುಸ್ತು ಮಾಡುತ್ತಿದ್ದದ್ದು ಬಗ್ಗಿ ಅಂಗಳ ಗುಡಿಸುವುದು, ಮತ್ತು ನೆಲಕ್ಕೆ ಕೂತು ಏಳುವುದು. ದಿನಕ್ಕೆ ಎಷ್ಟು ಸಲ ಕೂತು ಏಳುತ್ತೇನೆ ಅಂತ ಒಂದು ದಿನ ಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿದೆ. ಮಧ್ಯಾಹ್ನದ ಊಟದ ಹೊತ್ತಿಗೆ 31 ಗೀಟು ಆಗಿತ್ತು.

ಹೆಜ್ಜೆ 3: ಅಳತೆ ಹಾಕಿ, ಅರ್ಧಕ್ಕೇ ನಿಲ್ಲಿಸಿ

ಈ ಲೇಖನದಲ್ಲಿ ಒಂದನ್ನೇ ಓದುವಷ್ಟು ಶಕ್ತಿ ಇದ್ದರೆ ಇದನ್ನು ಓದಿ.

ನಾವು ಸಾಮಾನ್ಯವಾಗಿ ಮಾಡುವುದು ಹೀಗೆ. ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಎಳೆದು ಹಾಕಿಕೊಳ್ಳುತ್ತೇವೆ, ಆಮೇಲೆ ಮೂರು ದಿನ ಬೀಳುತ್ತೇವೆ. ಎದ್ದ ಕೂಡಲೇ ಮತ್ತೆ ಅದೇ. ಇದನ್ನು ಮುರಿಯಬೇಕಾದರೆ ಕೆಟ್ಟ ದಿನಕ್ಕಿಂತ ಒಳ್ಳೆಯ ದಿನವನ್ನು ಜಾಸ್ತಿ ಹುಷಾರಾಗಿ ನೋಡಿಕೊಳ್ಳಬೇಕು.

ಒಂದು ಕೆಲಸ ಆರಿಸಿ. ಸಾಧಾರಣ ದಿನದಲ್ಲಿ ಸುಸ್ತಾಗದೆ ಅದನ್ನು ಎಷ್ಟು ಹೊತ್ತು ಮಾಡಬಲ್ಲಿರಿ ಅಂತ ಕ್ಯಾಲೆಂಡರ್ ನೋಡಿ ಅಂದಾಜು ಮಾಡಿ. ಅದರಲ್ಲಿ ಕಾಲು ಭಾಗವನ್ನೋ ಅರ್ಧವನ್ನೋ ಕಳೆಯಿರಿ. ಉಳಿದದ್ದು ನಿಮ್ಮ ಅಳತೆ. ಅಡಿಕೆ ಸುಲಿಯುವ ಉದಾಹರಣೆ ಕೊಡುತ್ತೇನೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಹತ್ತಾರು ಜನ ಮೆಟ್ಟುಗತ್ತಿ ಮುಂದೆ ಕೂತು, ಮಾತಾಡುತ್ತ ಸುಲಿಯುವಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಾನು 40 ನಿಮಿಷ ಸುಲಿದರೆ ಬೆರಳು ಬಿಗಿಯುತ್ತಿತ್ತು. ಈಗ 20 ನಿಮಿಷಕ್ಕೆ ಮೊಬೈಲ್‌ನಲ್ಲಿ ಅಲಾರಂ ಇಡುತ್ತೇನೆ. ಅದು ಕೂಗಿದಾಗ ಕೈಯಲ್ಲಿ ಅರ್ಧ ಸುಲಿದ ಅಡಿಕೆ ಇದ್ದರೂ ಕೆಳಗಿಡುತ್ತೇನೆ. ಹತ್ತು ನಿಮಿಷ ಗೋಡೆಗೆ ಒರಗಿ ಕಾಲು ಚಾಚುತ್ತೇನೆ. ಮಾತು ಬಿಡುವುದಿಲ್ಲ, ಕೆಲಸ ಮಾತ್ರ ಬಿಡುತ್ತೇನೆ. ಆಮೇಲೆ ಇನ್ನೊಂದು 20 ನಿಮಿಷ. ಲೆಕ್ಕ ಹಾಕಿದರೆ ರಾತ್ರಿಯ ಒಟ್ಟು ಕೆಲಸ ಮೊದಲಿಗಿಂತ ಕಮ್ಮಿ ಆಗಿಲ್ಲ, ಮಾರನೇ ದಿನ ಮಲಗುವುದು ತಪ್ಪಿದೆ.

ಸುಸ್ತಾಗುವ ಮೊದಲೇ ವಿಶ್ರಾಂತಿ ತೆಗೆದುಕೊಳ್ಳುವುದು ಬಹಳ ಕಷ್ಟ, ಮನಸ್ಸು ಒಪ್ಪುವುದಿಲ್ಲ. "ಇನ್ನೂ ಆಗುತ್ತದಲ್ಲ, ಮುಗಿಸಿಬಿಡೋಣ" ಅನ್ನುತ್ತದೆ. ಅಲಾರಂ ಬೇಕಾಗಿರುವುದು ಅದಕ್ಕೇ. ವಿಶ್ರಾಂತಿ ಅಂದರೆ ಮೊಬೈಲ್ ನೋಡುವುದಲ್ಲ, ಟಿವಿಯೂ ಅಲ್ಲ. ಕಣ್ಣು ಮುಚ್ಚಿ, ಬೆನ್ನು ಊರಿ, ಸುಮ್ನೆ ಇರುವುದು.

ವಾರಕ್ಕೂ ಇದೇ ಲೆಕ್ಕ. ಶಿವಮೊಗ್ಗಕ್ಕೆ ಆಸ್ಪತ್ರೆಗೆ ಹೋಗುವ ದಿನದ ಹಿಂದೆ ಒಂದು, ಮುಂದೆ ಒಂದು ದಿನ ಖಾಲಿ ಬಿಡಿ. ಸಾಗರದಿಂದ ಹೋಗಿಬರುವುದೇ 140 ಕಿಲೋಮೀಟರಿಗಿಂತ ಜಾಸ್ತಿ, ಅದರ ಮೇಲೆ ಸರತಿ ಸಾಲು.

ಹೆಜ್ಜೆ 4: ಕೆಲಸ ಬಿಡಬೇಡಿ, ಮಾಡುವ ರೀತಿ ಬದಲಿಸಿ

ನಿಂತು ಮಾಡುವುದನ್ನು ಕೂತು ಮಾಡಿ. ಆದರೆ ನೆಲದ ಮೇಲಲ್ಲ. ನಮ್ಮ ಹಳೇ ಮನೆಗಳಲ್ಲಿ ಹೆಚ್ಚುವುದು, ಬೀಸುವುದು, ಉಣ್ಣುವುದು ಎಲ್ಲ ನೆಲದಲ್ಲೇ. ಕೂತು ಏಳುವುದಕ್ಕೇ ಅರ್ಧ ಶಕ್ತಿ ಹೋಗುತ್ತದೆ. ಅಡುಗೆ ಕಟ್ಟೆಗೆ ಸರಿಯಾಗುವ ಎತ್ತರದ ಸ್ಟೂಲು ಒಂದು, ಬಚ್ಚಲಿಗೆ ಪ್ಲಾಸ್ಟಿಕ್ ಕುರ್ಚಿ ಒಂದು. ನನ್ನ ಮಟ್ಟಿಗೆ ಯಾವ ಟಾನಿಕ್ಕಿಗಿಂತ ಇವೆರಡರಿಂದ ಜಾಸ್ತಿ ಉಪಕಾರ ಆಗಿದೆ. ಬಿಸಿನೀರಿನ ಸ್ನಾನವೇ ಕೆಲವರನ್ನು ಸುಸ್ತು ಮಾಡುತ್ತದೆ. ಅಂಥವರು ಸ್ನಾನವನ್ನು ಸಂಜೆಗೆ ತಳ್ಳಿ, ನೀರು ತುಸು ಉಗುರು ಬೆಚ್ಚಗಿರಲಿ.

ಕೊಡ ಅರ್ಧ ತುಂಬಿ. ಅನ್ನದ ದೊಡ್ಡ ಪಾತ್ರೆ ಎತ್ತಿ ಗಂಜಿ ಬಸಿಯುವ ಬದಲು ಕುಕ್ಕರ್ ಇಡಿ. ದಿನಾ ಬಳಸುವ ಡಬ್ಬಿಗಳನ್ನು ಸೊಂಟದ ಮಟ್ಟಕ್ಕೆ ತನ್ನಿ. ಉದ್ದ ಹಿಡಿಯ ಪೊರಕೆ ಕೊಳ್ಳಿ. ಸಾಂಬಾರಿನ ಮಸಾಲೆ ಎರಡು ದಿನಕ್ಕೆ ಆಗುವಷ್ಟು ಒಟ್ಟಿಗೇ ರುಬ್ಬಿ ಫ್ರಿಜ್ಜಿನಲ್ಲಿಡಿ.

ಹೆಜ್ಜೆ 5: ನಡೆಯಬೇಕೋ ಬೇಡವೋ

ಇಲ್ಲಿ ಎಲ್ಲರಿಗೂ ಒಂದೇ ಉತ್ತರ ಇಲ್ಲ, ದಯವಿಟ್ಟು ನಿಧಾನವಾಗಿ ಓದಿ.

ಸಂಧಿವಾತ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆಯ ನಂತರದ ಸುಸ್ತಿಗೆ ಹಿತಮಿತವಾದ ನಡಿಗೆ ಒಳ್ಳೆಯದು. ಪೂರ್ತಿ ಮಲಗಿದರೆ ಮಾಂಸಖಂಡ ಸೊರಗಿ ಸುಸ್ತು ಇನ್ನೂ ಜಾಸ್ತಿ ಆಗುತ್ತದೆ. ಯೂರೋಪಿನ ಸಂಧಿವಾತ ತಜ್ಞರ ಸಂಘದ 2023ರ ಶಿಫಾರಸಿನಲ್ಲೂ ಸುಸ್ತಿಗೆ ದೈಹಿಕ ಚಟುವಟಿಕೆಯನ್ನು ಹೇಳಿದ್ದಾರೆ. ಅಂಗಳದಲ್ಲಿ ಐದು ನಿಮಿಷದಿಂದ ಶುರು ಮಾಡಿ. ಒಂದು ವಾರ ಅಷ್ಟೇ ಇರಲಿ. ಅಂಕಿ ಏರದಿದ್ದರೆ ಒಂದೆರಡು ನಿಮಿಷ ಸೇರಿಸಿ. ನಮ್ಮ ಕಡೆ ಸಮನಾದ ದಾರಿ ಸಿಗುವುದೇ ಕಷ್ಟ, ಮನೆಯಿಂದ ಹೊರಟರೆ ಒಂದೋ ಏರು, ಇಲ್ಲ ಇಳಿಜಾರು. ಇಳಿದು ಹೋದವರು ಹತ್ತಿ ಬರಬೇಕು ಅನ್ನುವುದನ್ನು ಲೆಕ್ಕದಲ್ಲಿಡಿ. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಏರು ಹತ್ತಬೇಡಿ.

ಇನ್ನು ಕೆಲವರಿಗೆ ಸ್ವಲ್ಪ ಶ್ರಮಕ್ಕೂ ಒಂದೆರಡು ದಿನ ಬಿಟ್ಟು ಎಲ್ಲ ಲಕ್ಷಣವೂ ಕೆರಳುತ್ತದೆ. ಕೋವಿಡ್ ಆದಮೇಲೆ ಹೀಗಾದವರು ಇದ್ದಾರೆ. ಎಂಇ-ಸಿಎಫ್‌ಎಸ್ ಎಂಬ, ತಿಂಗಳುಗಟ್ಟಲೆ ಬಿಡದೆ ಕಾಡುವ ಸುಸ್ತಿನ ಕಾಯಿಲೆಯ ಮುಖ್ಯ ಗುರುತೇ ಇದು. ಇವರಿಗೆ ದಿನದಿನಕ್ಕೆ ವ್ಯಾಯಾಮ ಏರಿಸುತ್ತ ಹೋಗುವುದು ಹಾನಿ ಮಾಡಬಹುದು. ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ, ಎಂಇ-ಸಿಎಫ್‌ಎಸ್ ಇರುವವರಿಗೆ ಹಾಗೆ ಏರಿಸುವ ವ್ಯಾಯಾಮ ಚಿಕಿತ್ಸೆ ಕೊಡಬಾರದು ಅಂತ ಹೇಳಿತು. "ಮನಸ್ಸು ಮಾಡಿ ನಡೆದರೆ ಸರಿಹೋಗುತ್ತೆ" ಅಂತ ಇವರಿಗೆ ಹೇಳಬೇಡಿ. ನೀವೇ ಅವರಾಗಿದ್ದರೆ ಆ ಮಾತನ್ನು ಕೇಳಬೇಡಿ. ಹೆಜ್ಜೆ 3ರ ಅಳತೆಯೊಳಗೇ ಇರಿ.

ಹೆಜ್ಜೆ 6: ಊಟ, ಕಾಫಿ, ನಿದ್ದೆ

ಕಾಫಿ ಬಿಡಿ ಅಂತ ಮಲೆನಾಡಿನವರಿಗೆ ನಾನು ಹೇಳುವುದಿಲ್ಲ. ಹೊತ್ತು ನೋಡಿ ಕುಡಿಯಿರಿ. ಕಾಫಿಯ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ಮಧ್ಯಾಹ್ನ ಎರಡರ ನಂತರ ಬೇಡ. ಥೈರಾಯ್ಡ್ ಗುಳಿಗೆ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಇದ್ದರೆ ಅವಕ್ಕೂ ಥೈರಾಯ್ಡ್ ಗುಳಿಗೆಗೂ ನಾಲ್ಕು ಗಂಟೆ ಅಂತರ ಇರಲಿ. ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ಗಂಟೆ ಬಿಡಿ.

ಸುಸ್ತು ಅಂದ ಕೂಡಲೇ ಎಳನೀರು ಕೊಡುವುದು ನಮ್ಮ ರೂಢಿ. ಕಿಡ್ನಿ ಕಾಯಿಲೆ ಇರುವವರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ, ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ. ಹೃದಯ ಸೋತವರಿಗೆ ಗಂಜಿ ಜೊತೆ ಅಪ್ಪೆಮಿಡಿ ಉಪ್ಪಿನಕಾಯಿ ಬೇಡ, ಅದರ ಉಪ್ಪಿಗೆ ಮೈಯಲ್ಲಿ ನೀರು ನಿಲ್ಲುತ್ತದೆ. ಪ್ರೀತಿಯಿಂದ ಕೊಡುವುದೇ ಕೆಲವೊಮ್ಮೆ ತೊಂದರೆ ಮಾಡುತ್ತದೆ.

ಹಗಲು ಮಲಗುವುದಾದರೆ ಅರ್ಧ ಗಂಟೆ, ಮೂರು ಗಂಟೆಯೊಳಗೆ. ಬೆಳಿಗ್ಗೆ ಏಳುವ ಹೊತ್ತು ದಿನಾ ಒಂದೇ ಇರಲಿ. ಜೋರಾಗಿ ಗೊರಕೆ, ನಡುವೆ ಉಸಿರು ನಿಂತಂತಾಗುವುದು ಇದ್ದರೆ ಪಕ್ಕದಲ್ಲಿ ಮಲಗುವವರು ಹೇಳಿದ್ದನ್ನು ಡಾಕ್ಟರಿಗೆ ಹೇಳಿ.

ಹೆಜ್ಜೆ 7: ಮನೆಯವರಿಗೆ ಹೇಳುವುದು

ನನಗೆ ಎಲ್ಲಕ್ಕಿಂತ ಕಷ್ಟವಾದ ಹೆಜ್ಜೆ. ಊದಿದ ಬೆರಳು ಎಲ್ಲರಿಗೂ ಕಾಣುತ್ತದೆ, ಸುಸ್ತು ಕಾಣುವುದಿಲ್ಲ. "ಮುಖ ನೋಡಿದ್ರೆ ಆರಾಮಾಗೇ ಇದ್ದೀಯ" ಅನ್ನುವವರು ಕೆಟ್ಟವರಲ್ಲ, ಅವರಿಗೆ ಕಂಡದ್ದನ್ನು ಹೇಳುತ್ತಾರೆ.

ಸಿಟ್ಟು ಬಂದಾಗ ಹೇಳಬೇಡಿ. ನಾನು ಒಂದು ಸಂಜೆ ಅತ್ತೆ, ಅತ್ತಿಗೆ, ಯಜಮಾನರು ಎಲ್ಲ ಜಗಲಿಯಲ್ಲಿ ಕೂತಿದ್ದಾಗ ಕ್ಯಾಲೆಂಡರ್ ಇಳಿಸಿ ತಂದೆ. ಹಂಡೆಯ ಮಾತು ಹೇಳಿದೆ. ಅತ್ತೆ ಬಹಳ ಹೊತ್ತು ಅಂಕಿಗಳನ್ನೇ ನೋಡಿದರು. "ಹಂಗಾದ್ರೆ ನೆಂಟ್ರು ಬಂದ ಮಾರನೇ ದಿನ ನೀ ಬೀಳ್ತೀಯಲ್ಲೇ. ನಾ ಸೋಮಾರಿತನ ಅಂದ್ಕೊಂಡಿದ್ದೆ" ಅಂದರು. ಮೂರು ಜನರ ಮುಂದೆ ಅವರು ಅದನ್ನು ಒಪ್ಪಿಕೊಂಡದ್ದು ನನಗೆ ದೊಡ್ಡದು.

ಹೇಳುವಾಗ "ನನ್ನ ಕೈಲಾಗಲ್ಲ" ಅಂತಷ್ಟೇ ನಿಲ್ಲಿಸದೆ, ಯಾವುದು ಆಗುತ್ತದೆ, ಯಾವುದಕ್ಕೆ ಯಾರು ಬೇಕು ಅಂತ ಬಿಡಿಸಿ ಹೇಳಿ. "ಸೊಪ್ಪು ನಾನು ಹೆಚ್ಚುತ್ತೇನೆ, ಪಾತ್ರೆ ಇಳಿಸಲು ನೀನು ಬಾ." ನೆಂಟರು ಬಂದರೆ ಕಾಫಿ ಕೊಡುವವರು ಯಾರು ಅಂತ ಮೊದಲೇ ನಿರ್ಧಾರ ಆಗಿರಲಿ. ಮದುವೆ ಮನೆಗೆ ಹೋಗುವುದಾದರೆ ಮುಹೂರ್ತಕ್ಕೋ ಊಟಕ್ಕೋ ಒಂದಕ್ಕೆ ಹೋಗಿ.

ನೋಡಿಕೊಳ್ಳುವವರಿಗೂ ಒಂದು ಮಾತು. ಎಲ್ಲ ಕೆಲಸ ಕಿತ್ತುಕೊಂಡು ಮಲಗಿಸಬೇಡಿ. "ಏನು ಮಾಡಲಿ?" ಅಂತ ಕೇಳಿ, ಹೇಳಿದ್ದನ್ನು ಮಾಡಿ.

ಸುಸ್ತಿನ ಜೊತೆ ಯಾವುದರಲ್ಲೂ ಆಸೆ ಇಲ್ಲ, ಬದುಕು ಸಾಕು ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ.

ಹೆಜ್ಜೆ 8: ಬೀಳುವ ದಿನಕ್ಕೆ ತಯಾರಿ

ಎಷ್ಟು ಹುಷಾರಾಗಿದ್ದರೂ ಅಂಥ ದಿನ ಬರುತ್ತದೆ. ಆವತ್ತು ಯೋಚಿಸಲು ಆಗುವುದಿಲ್ಲ, ಆದ್ದರಿಂದ ಒಂದು ಚೀಟಿ ಈಗಲೇ ಬರೆದು ಅಡುಗೆಮನೆ ಬೀರುವಿನ ಒಳಬಾಗಿಲಿಗೆ ಅಂಟಿಸಿ. ಗುಳಿಗೆ ಯಾವುದು ಎಷ್ಟು ಹೊತ್ತಿಗೆ. ಡಾಕ್ಟರ್ ನಂಬರು. ಹಾಲು ಕರೆಯಲು ಯಾರಿಗೆ ಹೇಳಬೇಕು. ಒಲೆ ಹಚ್ಚದೆ ತಿನ್ನಬಹುದಾದದ್ದು ಏನಿದೆ: ನಮ್ಮಲ್ಲಿ ತೆಳು ಅವಲಕ್ಕಿ, ಮೊಸರು, ಬಾಳೆಹಣ್ಣು. ಎದ್ದಮೇಲೆ ಎರಡು ದಿನ ಮಾಮೂಲಿ ಅಳತೆಯ ಅರ್ಧ ಮಾತ್ರ.

ಮಳೆಗಾಲ ಹತ್ತಿದಾಗ ಅಳತೆಯನ್ನು ಮತ್ತೆ ಹಾಕಿ. ನಮ್ಮ ಕಡೆ ಆಷಾಢದಲ್ಲಿ ವಾರಗಟ್ಟಲೆ ಬಿಸಿಲಿಲ್ಲ, ಬಟ್ಟೆ ಒಣಗುವುದಿಲ್ಲ, ಕೀಲು ಬೆಳಿಗ್ಗೆ ಬಿಗಿದೇ ಇರುತ್ತದೆ. ಬೇಸಿಗೆಯಲ್ಲಿ 20 ನಿಮಿಷ ಇದ್ದದ್ದು ನನಗೆ ಆಗ 12ಕ್ಕೆ ಇಳಿಯುತ್ತದೆ. ಹೋದ ವರ್ಷದ ಭೂಮಿ ಹುಣ್ಣಿಮೆಗೆ ನನ್ನ ಪಾಲಿಗೆ ಬೆರಕೆ ಸೊಪ್ಪು ಹೆಚ್ಚುವುದಷ್ಟೇ ಇತ್ತು. ಹಿಂದಿನ ಮಧ್ಯಾಹ್ನವೇ ಸ್ಟೂಲಿನ ಮೇಲೆ ಕೂತು, ಮೂರು ಕಂತಿನಲ್ಲಿ ಹೆಚ್ಚಿಟ್ಟೆ. ರಾತ್ರಿ ಹತ್ತಕ್ಕೆ ಮಲಗಿದೆ. ನಸುಕಿನಲ್ಲಿ ಅತ್ತಿಗೆ ಬಂದು ಎಬ್ಬಿಸಿ, ಕೈಗೆ ಕಾಫಿ ಲೋಟ ಕೊಟ್ಟು, "ಬಾ, ಬುಟ್ಟಿ ಹೊರಡ್ತು" ಅಂದರು.